ಮರೆವ್ವ ಒಪ್ಪದ ಕೋಣೆಗಳು

ಮರೆವ್ವ ಮೂರನೆಯ ಕೋಣೆಯನ್ನೂ ಬೇಡವೆಂದಾಗ ಭೀಮು ಊಟದ ತಾಟನ್ನು ಅರ್ಧಕ್ಕೇ ಸರಿಸಿ ಎದ್ದುಬಿಟ್ಟ.

ಸಿಂದಗಿಯ ಅಂಚೆ ಕಚೇರಿಯಲ್ಲಿ ಹದಿನೆಂಟು ವರ್ಷ ದುಡಿದ ಮೇಲೆ ಅವನು ಮೊದಲ ಸಲ ಸರ್ಕಾರಿ ಪ್ರವಾಸದ ಸವಲತ್ತು ತೆಗೆದುಕೊಂಡಿದ್ದ. ಅದೂ ಅಂಡಮಾನಿಗೆ. ಹೈದರಾಬಾದಿನಿಂದ ಅಂಡಮಾನಿನ ದೊಡ್ಡ ದ್ವೀಪಕ್ಕೆ ವಿಮಾನ, ಅಲ್ಲಿಂದ ಹಡಗಿನಲ್ಲಿ ನೀಲ್ ಎಂಬ ಸಣ್ಣ ದ್ವೀಪ. ಫೆಬ್ರುವರಿಯ ಎರಡನೇ ವಾರಕ್ಕೆ ನಾಲ್ಕು ಟಿಕೆಟ್ ಆಗಿದ್ದವು. ಅವನಿಗೊಂದು, ಯಂಕಂಚಿಯ ಸಾಲೆಯಲ್ಲಿ ಮಾಸ್ತರಿಕೆ ಮಾಡುವ ಹೆಂಡತಿ ಕೋಮಲಳಿಗೊಂದು, ಎಂಟನೆಯ ತರಗತಿ ಓದುವ ಮಗಳು ಸುಜಾತಾಗೊಂದು, ಅವ್ವ ಮರೆವ್ವನಿಗೊಂದು. ಬಾಕಿ ಉಳಿದಿದ್ದು ದ್ವೀಪದಲ್ಲಿ ಮೂರು ದಿನ ಎಲ್ಲಿ ಇಳಿದುಕೊಳ್ಳುವುದು ಅನ್ನುವುದೊಂದೇ. ಹದಿನೈದು ದಿನದಿಂದ ಅದು ಬಗೆಹರಿದಿರಲಿಲ್ಲ.

ಮೊದಲು ಸುಜಾತಾ ಆರಿಸಿದ್ದು ಸಮುದ್ರದ ದಂಡೆಯ ಮೇಲಿನ ಬಿದಿರಿನ ಗುಡಿಸಲು. ಬಾಗಿಲು ತೆರೆದರೆ ಹೊಸ್ತಿಲಿಗೇ ಮರಳು, ಮರಳು ಮುಗಿದರೆ ನೀಲಿ ನೀರು. ಮರೆವ್ವ ಫೋನನ್ನು ದೂರ ಹಿಡಿದು ಚಿತ್ರ ನೋಡಿದ್ದಳು.

"ಇದರಾಗ ಸಂಡಾಸ ಎಲ್ಲೈತಿ?"

"ಹಿಂದ ತೆಂಗಿನ ಗಿಡದಾಗ ಐತಿ ಆಯಿ. ಎಲ್ಲಾರಿಗೂ ಕೂಡೇ ಒಂದ."

"ಹಂಗಾದ್ರ ಬ್ಯಾಡ. ನನಗ ಸಮುದ್ರ ಅಂದ್ರ ಅಂಜಿಕಿ," ಅಂದಿದ್ದಳು ಮರೆವ್ವ.

ಎರಡನೆಯದು ಗುಡ್ಡದ ಮೇಲಿನ ದೊಡ್ಡ ಹೋಟೆಲು. ಸಂಡಾಸ ಕೋಣೆಯೊಳಗೇ ಇತ್ತು, ಆದರೆ ರಸ್ತೆಯಿಂದ ನಲವತ್ತು ಮೆಟ್ಟಿಲು. ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದಳು. ಇದೇ ಮರೆವ್ವ ಹೋದ ವಾರ ನಿಚ್ಚಣಿಕೆ ಹಾಕಿಕೊಂಡು ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಿ ಬಂದಿದ್ದಳು. ಮೂರನೆಯದರಲ್ಲಿ ಮೆಟ್ಟಿಲೂ ಇರಲಿಲ್ಲ, ದಂಡೆಯೂ ದೂರವಿತ್ತು. ಆದರೆ ಹಡಗು ಇಳಿದ ಮೇಲೆ ಒಂದು ತಾಸು ನಡೆಯಬೇಕು ಇಲ್ಲವೇ ಆಟೋ ಬರುವ ತನಕ ಕಾಯಬೇಕು ಎಂದು ಸುಜಾತಾ ಓದಿ ಹೇಳಿದಳು.

"ನೀವ ಮೂರು ಮಂದಿ ಹೋಗಿ ಬರ್ರಿ," ಎಂದಳು ಮರೆವ್ವ. "ನಾ ಮನಿ ಕಾಯ್ತೇನಿ."

"ಮನಿ ಎಲ್ಲಿ ಓಡಿ ಹೊಕ್ಕೈತಿ?" ಭೀಮು ಎದ್ದು ಕೈ ತೊಳೆದ. "ಯಾವದು ತೋರಿಸಿದ್ರೂ ಒಂದ ನೆವ ತೆಗೀತಿ. ನಿನ್ನ ಸಲುವಾಗಿ ಇಷ್ಟೆಲ್ಲ ಮಾಡಾಕತ್ತೇನಿ, ನಿನಗ ಅದರದು ಖಬರ ಇಲ್ಲ."

ಮರೆವ್ವ ಅವನ ತಾಟಿನಲ್ಲಿ ಉಳಿದ ರೊಟ್ಟಿಯನ್ನು ತೆಗೆದು ಬುಟ್ಟಿಯೊಳಗಿಟ್ಟಳು. ಅತ್ತೆಯದು ಮೊದಲಿಂದಲೂ ಬಿಗಿ ಸ್ವಭಾವ. ನಗುವುದು ಕಡಿಮೆ, ಬೇಕು ಅನ್ನುವುದು ಅದಕ್ಕಿಂತ ಕಡಿಮೆ. ಇದೂ ಅದೇ ಹಟ ಎಂದು ಕೋಮಲ ತಿಳಿದಳು.

ಅದಾಗಿ ನಾಲ್ಕನೆಯ ದಿನ, ಗುರುವಾರ, ಅತ್ತೆ ಸೊಸೆ ಇಬ್ಬರೇ ಇಂಡಿಗೆ ಹೊರಟರು. ಭೀಮುವಿನ ಅಕ್ಕ ಸುವರ್ಣಾಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಭೀಮುವಿಗೆ ರಜೆ ಸಿಕ್ಕಿರಲಿಲ್ಲ. ಬಾಣಂತಿಗೆ ಉಡಿಸಲು ತಂದ ಹಸಿರು ಸೀರೆ ಕೋಮಲಳ ಚೀಲದಲ್ಲಿತ್ತು. ಬಸ್ಸು ಆಲಮೇಲ ದಾಟಿ ಎರಡು ಮೈಲು ಹೋಗಿರಬೇಕು, ನಿಂತುಬಿಟ್ಟಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿ ಮಗುಚಿ ರಸ್ತೆಯ ತುಂಬ ಕಬ್ಬು ಹರಡಿತ್ತು. ಆ ಕಡೆ ಹತ್ತು ಗಾಡಿ, ಈ ಕಡೆ ಹತ್ತು ಗಾಡಿ. ಕಂಡಕ್ಟರು ಕೆಳಗಿಳಿದು ಹೋಗಿ ನೋಡಿ ಬಂದು, ಇನ್ನೊಂದು ತಾಸು ಎಂದು ಹೇಳಿದ.

ಮರೆವ್ವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಬೆವರು. ಜನವರಿಯ ತಂಪಿನಲ್ಲಿ ಇದೇನು ಬೆವರು ಎಂದು ಕೋಮಲ ಕೇಳುವಷ್ಟರಲ್ಲಿ ಅವಳು ಎದ್ದು, ಸೆರಗು ಸೊಂಟಕ್ಕೆ ಸುತ್ತಿ, ಯಾರ ಮುಖವನ್ನೂ ನೋಡದೆ ಬಸ್ಸಿಳಿದು, ರಸ್ತೆ ಪಕ್ಕದ ಜೋಳದ ಹೊಲದೊಳಗೆ ಹೊಕ್ಕಳು. ಜೋಳ ತಲೆಮಟ್ಟ ಬೆಳೆದಿತ್ತು. ಹತ್ತು ಹೆಜ್ಜೆಗೆ ಅವಳು ಕಾಣದಾದಳು.

ಕಾಲು ತಾಸು ಕಳೆದರೂ ತಿರುಗಿ ಬರಲಿಲ್ಲ. ಕೋಮಲ ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು.

"ಅತ್ತಿ, ಎಲ್ಲದೀರಿ?"

"ಬರಬ್ಯಾಡ," ಜೋಳದ ದಂಟುಗಳ ನಡುವಿನಿಂದ ದನಿ ಬಂತು. "ಅಲ್ಲೇ ನಿಲ್ಲು."

ಕೋಮಲ ನಿಲ್ಲಲಿಲ್ಲ. ಮರೆವ್ವ ಒಂದು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸೀರೆಯ ನೆರಿಗೆ ಹಿಂಡುತ್ತಿದ್ದಳು. ಸೊಂಟದಿಂದ ಕೆಳಗೆ ಸೀರೆ ತೊಯ್ದು ಕಾಲಿಗೆ ಅಂಟಿತ್ತು. ಪಕ್ಕದಲ್ಲಿ ಹಳೆಯ ಧೋತರದ ತುಂಡುಗಳು, ಮಡಿಕೆ ಮಡಿಕೆಯಾಗಿ, ಅವೂ ತೊಯ್ದಿದ್ದವು. ಸೊಸೆಯನ್ನು ಕಂಡು ಅವಳು ಅವನ್ನು ಕಾಲ ಕೆಳಗೆ ಸರಿಸಲು ನೋಡಿದಳು. ಆಮೇಲೆ ಬಿಟ್ಟುಬಿಟ್ಟಳು.

ಕೋಮಲ ಎದುರಿಗೆ ಕೂತಳು.

"ಇವತ್ತಿಂದಲ್ಲ ಇದು," ಮರೆವ್ವ ನೆಲ ನೋಡುತ್ತ ಹೇಳಿದಳು. "ಹನ್ನೆರಡ ವರ್ಷಾತು. ನಿಂತು ಕೆಲಸಾ ಮಾಡಿದ್ರ ಒಳಗಿಂದು ಕೆಳಗ ಜಾರಿ ಬಂದಂಗ ಆಗತೈತಿ. ಕೈಯಿಂದ ಮ್ಯಾಲ ದೂಡಕೋತೇನಿ. ಕೆಮ್ಮಿದ್ರ ಆತು, ಸೀನಿದ್ರ ಆತು, ನಕ್ಕರ ಆತು, ತಡಕೊಳ್ಳಾಕ ಬರಂಗಿಲ್ಲ."

"ನಕ್ಕರೂ ಏನ್ರಿ?"

"ಅದಕ್ಕ ನಾ ನಗೂದ ಬಿಟ್ಟೇನಿ."

ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಮೇಲೆ ಅಡುಗೆ ಮಾಡಿ, ಕೋಮಲಳಿಗೆ ಇದು ಗೊತ್ತಾಗಿರಲಿಲ್ಲ. ಅತ್ತೆ ತನ್ನ ಬಟ್ಟೆಯನ್ನು ತಾನೇ, ಎಲ್ಲರೂ ಏಳುವ ಮೊದಲೇ ಒಗೆದುಕೊಳ್ಳುವುದು ಮಡಿವಂತಿಕೆಯೆಂದು ಅವಳು ತಿಳಿದಿದ್ದಳು.

"ಮತ್ತ ಸಮುದ್ರಕ್ಕ ಅಂಜಿಕಿ ಅಂದಿದ್ದು?"

"ಯಾವ ಅಂಜಿಕಿ. ನಾ ದೇವಣಗಾಂವದಾಕಿ. ಸಣ್ಣಾಕಿದ್ದಾಗ ಭೀಮಾ ಹೊಳಿ ಈಸಿ ಆ ದಂಡಿ ಮುಟ್ಟಿ ಬರತಿದ್ನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ವಿಮಾನದಾಗ, ಹಡಗದಾಗ, ಮಂದಿ ನಡುವ ಹಿಂಗಾದ್ರ ಭೀಮೂನ ಮಾರಿ ಏನಾಗಬೇಕು? ಅಂವಗ ಹೇಳಬ್ಯಾಡ. ಗಂಡಮಗ ಅಂವ."

ಕೋಮಲ ಚೀಲ ಬಿಚ್ಚಿ ಹಸಿರು ಸೀರೆ ಹೊರಗೆ ತೆಗೆದಳು. ಮರೆವ್ವ ಕೈ ಅಡ್ಡ ಮಾಡಿದಳು. "ಅದು ಬಾಣಂತಿದು."

"ಬಾಣಂತಿಗೆ ಆಮ್ಯಾಲ ಕೊಟ್ಟರಾತು. ಉಟಗೋರಿ."

ಹಾಗೆ ಮರೆವ್ವ ಇಂಡಿಯ ಕಾರ್ಯಕ್ಕೆ ಝರಿಯಂಚಿನ ಹೊಸ ಸೀರೆ ಉಟ್ಟುಕೊಂಡು ಹೋದಳು. ಮುದುಕಿಗೆ ಈಗ ಹುರುಪು ಬಂದೈತಿ ಎಂದು ಹೆಂಗಸರು ಚೇಷ್ಟೆ ಮಾಡಿದರು. ಉಡುಗೊರೆ ಮನೆಯಲ್ಲೇ ಮರೆತು ಬಂದೆ ಎಂದು ಕೋಮಲ ಸುವರ್ಣಾಳ ಕೈಹಿಡಿದು ಕ್ಷಮೆ ಕೇಳಿದಳು.

ಸೋಮವಾರ ಇಬ್ಬರೂ ಸಿಂದಗಿಯಲ್ಲೇ ಡಾಕ್ಟರ್ ಮುಬಿನ ಅವರ ದವಾಖಾನೆಗೆ ಹೋದರು. ಮೊಣಕಾಲು ತೋರಿಸಲು ಹೋಗುತ್ತೇವೆ ಎಂದು ಭೀಮುವಿಗೆ ಹೇಳಿದ್ದರು. ಪರದೆಯ ಹಿಂದೆ ಮರೆವ್ವನನ್ನು ಪರೀಕ್ಷೆ ಮಾಡಿದ ಡಾಕ್ಟರಮ್ಮ ಕೈ ತೊಳೆದು ಬಂದು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.

"ಗರ್ಭಚೀಲ ಕೆಳಗ ಇಳದೈತಿ, ಅವ್ವಾರ. ಹೆತ್ತ ಎಷ್ಟ ದಿನಕ್ಕ ಕೆಲಸಕ್ಕ ಹೋಗಿದ್ರಿ?"

"ಎಂಟ ದಿನಕ್ಕ. ಕಬ್ಬಿನ ಹೊರಿ ಹೊತ್ತೇನ್ರಿ."

"ಇಷ್ಟ ವರ್ಷ ಯಾಕ ಬರಲಿಲ್ಲ?"

"ಇದು ನನಗೊಬ್ಬಾಕಿಗೇ ಬಂದೈತಿ ಅಂತ ತಿಳಿದಿದ್ನಿ."

"ಇವತ್ತ ಮುಂಜಾನಿಂದ ನೀವ ಮೂರನೇದವರು," ಎಂದರು ಡಾಕ್ಟರಮ್ಮ.

ಮರೆವ್ವ ತಲೆ ಎತ್ತಿ ಅವರ ಮುಖ ನೋಡಿದಳು. ಮೂರನೆಯವಳು ಎಂಬ ಮಾತನ್ನು ಅವಳು ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ತಾನೇ ಹೇಳಿಕೊಂಡಳು. ಆಪರೇಶನ್ ಮಾಡಿಸಬಹುದು, ಅವಸರವಿಲ್ಲ ಎಂದು ಹೇಳಿ ಡಾಕ್ಟರಮ್ಮ ಬಳೆಯಂಥ ಒಂದು ರಬ್ಬರಿನ ಉಂಗುರವನ್ನು ಒಳಗೆ ಕೂಡಿಸಿ, ಹತ್ತು ದಿನ ಬಿಟ್ಟು ಬನ್ನಿ ಎಂದರು. ಕೂತಲ್ಲೇ ಮಾಡುವ ಒಂದು ವ್ಯಾಯಾಮವನ್ನೂ ಕಲಿಸಿದರು. ಇದರಿಂದ ಜಾರುವುದು ನಿಲ್ಲುತ್ತದೆ, ಆದರೆ ತಾಸಿಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ತಡೆದುಕೊಳ್ಳಬಾರದು ಎಂದೂ ಹೇಳಿದರು.

"ಇವರು ಅಂಡಮಾನಿಗೆ ಹೋಗಬಹುದೇನ್ರಿ?" ಕೋಮಲ ಕೇಳಿದಳು.

"ಯಾಕ ಹೋಗಬಾರದು? ಸಂಡಾಸ ಹತ್ತಿರ ಇರಲಿ, ಕಾಲ ಜಾರದಂಗ ಇರಲಿ. ಅಷ್ಟ ಸಾಕು."

ಅಲ್ಲಿಂದ ಮುಂದೆ ಕೋಣೆ ಹುಡುಕುವ ಕೆಲಸ ಕೋಮಲ ತನ್ನ ಮೇಲೆ ಹಾಕಿಕೊಂಡಳು. ಸಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ನಿಂತು ಒಂದೊಂದೇ ಕಡೆ ಫೋನು ಮಾಡಿದಳು. ತನಗೆ ಬಂದಷ್ಟು ಹಿಂದಿಯಲ್ಲಿ ಎಲ್ಲರಿಗೂ ಅವೇ ಪ್ರಶ್ನೆ: ಹಾಸಿಗೆಯಿಂದ ಸಂಡಾಸಕ್ಕೆ ಎಷ್ಟು ಹೆಜ್ಜೆ? ಕುಕ್ಕರಗಾಲಿನಲ್ಲಿ ಕೂಡುವಂಥದೋ, ಕುರ್ಚಿಯಂಥದೋ? ನೆಲ ನುಣುಪೋ, ಒರಟೋ? ಒಬ್ಬ ನಕ್ಕು ಫೋನು ಇಟ್ಟ. ಇನ್ನೊಬ್ಬ ನಮ್ಮಲ್ಲಿ ಸೂರ್ಯಾಸ್ತ ಬಹಳ ಚೆಂದ ಕಾಣುತ್ತದೆ ಎಂದ. ಆರನೆಯ ಸಲಕ್ಕೆ ಶೆಫಾಲಿ ಮಂಡಲ್ ಎಂಬ ಹೆಂಗಸು ಸಿಕ್ಕಳು. ಬಂಗಾಳದಿಂದ ಬಂದು ಮೂರು ತಲೆಮಾರಿನಿಂದ ದ್ವೀಪದಲ್ಲಿ ಕಾಯಿಪಲ್ಲೆ ಬೆಳೆಯುವ ಮನೆತನ. ಮನೆಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದಳು.

"ಯಾರಿಗೆ, ಅಮ್ಮನಿಗಾ?" ಎಂದು ಅವಳು ಕೇಳಿದಳು.

"ಅತ್ತೆಗೆ."

"ಸ್ವಲ್ಪ ತಡೆ," ಎಂದವಳು ಫೋನು ಹಿಡಿದುಕೊಂಡೇ ನಡೆದು, ಹೆಜ್ಜೆಯನ್ನು ಗಟ್ಟಿಯಾಗಿ ಎಣಿಸಿದಳು. ಐದು. ಗೋಡೆಗೆ ಹಿಡಿಕೆ ಇಲ್ಲ, ಬೇಕಾದರೆ ಗಂಡನಿಗೆ ಹೇಳಿ ಬಿದಿರಿನದೊಂದು ಹಾಕಿಸುತ್ತೇನೆ ಎಂದಳು. ಮಾರನೆಯ ದಿನ ಹಿಡಿಕೆ ಹಾಕಿದ ಫೋಟೋ ಬಂತು.

ಮನೆಯಲ್ಲಿ ಕೋಮಲ ಇದು ತನ್ನ ಬೇಡಿಕೆ ಎಂದೇ ಹೇಳಿದಳು. ಭೀಮು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮಂದಿ ಸಮುದ್ರದ ಫೋಟೋ ತರಸ್ತಾರ. ನೀ ಸಂಡಾಸದ ಫೋಟೋ ತರಸೀದಿ."

"ಸಮುದ್ರ ಎಲ್ಲಾ ಕಡೆ ಒಂದ ಥರ ಇರತೈತ್ರಿ."

"ಇಲ್ಲಿಂದ ಸಮುದ್ರ ಕಾಣಂಗೇ ಇಲ್ಲ ಮಮ್ಮಿ," ಸುಜಾತಾ ಮುಖ ಊದಿಸಿಕೊಂಡಳು. "ಬದನಿಕಾಯಿ ಕಾಣತಾವು."

"ನನಗ ಇದು ಚಲೋ ಅನಸ್ತು," ಎಂದಳು ಮರೆವ್ವ ಒಳಗಿನಿಂದ. ಭೀಮು ಚಕಿತನಾಗಿ ಆ ಕಡೆ ನೋಡಿದ. ಅವ್ವ ಒಪ್ಪಿದ್ದೇ ದೊಡ್ಡದೆಂದು ಆ ಮಾತನ್ನು ಅವನು ಮುಂದೆ ಬೆಳೆಸಲಿಲ್ಲ.

ಪ್ರಯಾಣ ಕೋಮಲ ಅಂಜಿದ್ದಕ್ಕಿಂತ ಹಗುರಾಯಿತು. ಹೈದರಾಬಾದಿಗೆ ಬಸ್ಸು ಬೇಡವೆಂದು ಅವಳೇ ಹಟ ಹಿಡಿದು ಕಲಬುರಗಿಯಿಂದ ರೈಲು ಮಾಡಿಸಿದ್ದಳು. ವಿಮಾನದಲ್ಲಿ ಸಂಡಾಸದ ಮಗ್ಗುಲಿಗೇ ಕೊನೆಯ ಸಾಲಿನ ಸೀಟು. ಹಡಗಿನಲ್ಲಿ ಮರೆವ್ವ ಎರಡು ಸಲ ಎದ್ದು ಹೋಗಿ ಬಂದಳು. ಯಾರೂ ಅವಳನ್ನು ನೋಡಲಿಲ್ಲ. ಎರಡನೆಯ ಸಲ ಬಂದು ಕೂತು ಸೊಸೆಯ ಮೊಣಕಾಲಿನ ಮೇಲೆ ಒಂದು ಕ್ಷಣ ಕೈಯಿಟ್ಟಳು.

ದ್ವೀಪದಲ್ಲಿ ಇಳಿದು ಆಟೋ ಹತ್ತಿದ ಮೇಲೆ ಭೀಮು ಚಾಲಕನಿಗೆ ಕೋಮಲಳಿಗೆ ಗೊತ್ತಿಲ್ಲದ ಒಂದು ಹೆಸರು ಹೇಳಿದ. ಅವನೂ ಸುಜಾತಾಳೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಆಟೋ ತೆಂಗಿನ ತೋಪಿನೊಳಗೆ ಹಾದು ಮರಳಿನ ಅಂಚಿಗೆ ನಿಂತಿತು. ಎದುರಿಗೆ ಬಿದಿರಿನ ಗುಡಿಸಲುಗಳು, ಅವುಗಳ ಮುಂದೆ ಸಮುದ್ರ.

"ಅವ್ವಾ, ಬಾ," ಭೀಮು ಅವಳ ಕೈಹಿಡಿದು ಇಳಿಸಿದ. "ಆ ಬದನಿಕಾಯಿ ಖೋಲಿ ನಿನ್ನೇನ ರದ್ದ ಮಾಡೇನಿ. ಇಷ್ಟ ದೂರ ಬಂದು ನೀ ಗ್ವಾಡಿ ನೋಡಕೋತ ಮಲಗೂದು ನನಗ ಸರಿ ಅನಸಲಿಲ್ಲ. ಜೀವಮಾನದಾಗ ಒಮ್ಮೆರ ಬಾಗಲಾ ತಗದ ಕೂಡಲೇ ಸಮುದ್ರ ಕಾಣಲಿ ನಿನಗ."

ಅವನ ಮುಖ ಸಂತೋಷದಿಂದ ಅರಳಿತ್ತು. ಗುಡಿಸಲಿನ ಮನುಷ್ಯ ಕೀಲಿ ಕೊಟ್ಟು, ಶೌಚಾಲಯ ಆ ತೋಪಿನ ಆಚೆ ಎಂದು ಕೈ ತೋರಿಸಿದ. ಮರಳಿನಲ್ಲಿ ನೂರು ಹೆಜ್ಜೆಗೂ ಹೆಚ್ಚು. ತೆಂಗಿನ ಬೇರುಗಳು, ನಡುವೆ ಒಂದು ತಗ್ಗು. ಮರೆವ್ವ ಆ ದಾರಿಯನ್ನು ಒಮ್ಮೆ ನೋಡಿದಳು, ಮಗನನ್ನು ನೋಡಿದಳು, ಆಮೇಲೆ ಸೊಸೆಯನ್ನು.

"ರೀ, ಇಲ್ಲಿ ಆಗಂಗಿಲ್ಲ," ಎಂದು ಕೋಮಲ ಶುರುಮಾಡಿದಳು. "ನನಗ..."

"ನೀ ಸುಮ್ನಿರು, ಕೋಮಲ. ನನ್ನ ಸಲುವಾಗಿ ಎಷ್ಟ ಸುಳ್ಳ ಹೇಳತಿ?" ಮರೆವ್ವ ಗುಡಿಸಲಿನ ಮೆಟ್ಟಿಲ ಮೇಲೆ ಕೂತಳು. "ಭೀಮು, ಇಲ್ಲಿ ಬಾ. ಕೂಡು."

ಅವನು ಕೂತ. ಅವಳು ಸಮುದ್ರದ ಕಡೆ ಮುಖ ಮಾಡಿಕೊಂಡೇ, ಜೋಳದ ಹೊಲದಲ್ಲಿ ಸೊಸೆಗೆ ಹೇಳಿದ್ದನ್ನೆಲ್ಲ ಮಗನಿಗೂ ಹೇಳಿದಳು. ದನಿ ತಗ್ಗಿಸಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ಅವಳನ್ನು ಆಚೆ ಕಳಿಸಲೂ ಇಲ್ಲ. ಮುಗಿಸುವ ಹೊತ್ತಿಗೆ ಭೀಮು ಕೈಯಲ್ಲಿದ್ದ ಕೀಲಿಯನ್ನು ಬೆರಳಿನಲ್ಲಿ ತಿರುವುತ್ತಿದ್ದ.

"ಎಲ್ಲಾರೂ ನಾಗಪುರ ದೀಕ್ಷಾಭೂಮಿಗೆ ಹೋದಾಗ ನೀ ಬರಲಿಲ್ಲಲಾ," ಎಂದ. "ಎರಡ ಸಲಾನೂ. ಇದ ಕಾರಣಕ್ಕ ಏನು?"

"ಅದಕ್ಕನ. ಒಂದ ರಾತ್ರಿ ಒಂದ ಹಗಲು ಟ್ರಕ್ಕಿನ್ಯಾಗ ಕೂಡಬೇಕಿತ್ತು."

"ನಾ ನಿನಗ ಭಕ್ತಿ ಇಲ್ಲ ಅಂತ ಬೈದಿದ್ನಿ."

"ಬೈದಿದ್ದಿ."

ಭೀಮು ಎದ್ದ. ಕೀಲಿಯನ್ನು ಗುಡಿಸಲಿನವನ ಕೈಗೆ ಕೊಟ್ಟು, ಇಳಿಸಿದ್ದ ನಾಲ್ಕೂ ಚೀಲಗಳನ್ನು ಒಬ್ಬನೇ ಎತ್ತಿಕೊಂಡು ಆಟೋ ಕಡೆಗೆ ನಡೆದ. ಸುಜಾತಾ ಆಯಿಯ ಕೈಹಿಡಿದಳು. ಗುಡಿಸಲೇ ಬೇಕೆಂದು ತಿಂಗಳಿಡೀ ಕುಣಿದವಳು ತಿರುಗಿ ಕೂಡ ನೋಡಲಿಲ್ಲ.

ಕೋಮಲಳಿಗೆ ಈಗ ಬೇರೆ ಚಿಂತೆ. ರದ್ದು ಮಾಡಿದ ಕೋಣೆ ಇನ್ನೂ ಉಳಿದಿರುತ್ತದೆಯೇ? ಫೆಬ್ರುವರಿ ಎಂದರೆ ದ್ವೀಪ ತುಂಬಿ ತುಳುಕುವ ಕಾಲ. ಕಾಯಿಪಲ್ಲೆ ತೋಟದ ನಡುವಿನ ಮನೆಯ ಮುಂದೆ ಆಟೋ ನಿಂತಾಗ ಬೇರೆ ಯಾರದೋ ಕಾರೊಂದು ಅಲ್ಲಿ ನಿಂತಿತ್ತು. ಐವತ್ತರ ಸುಮಾರಿನ ಗಟ್ಟಿಮುಟ್ಟಾದ ಹೆಂಗಸು ಕೈಯ ಮಣ್ಣು ಕೊಡವುತ್ತ ಬಂದಳು.

"ನಿನ್ನ ಗಂಡ ಬೇಡ ಅಂತ ಫೋನು ಮಾಡಿದ್ದ," ಎಂದಳು ಶೆಫಾಲಿ. "ನೀವು ಹಿಡಿದ ಎರಡರಲ್ಲಿ ಮುಂದಿನ ಕೋಣೆ ಈ ಕಾರಿನವರಿಗೆ ಕೊಟ್ಟೆ. ಹಿಡಿಕೆ ಹಾಕಿದ ಕೋಣೆ ಯಾರಿಗೂ ಕೊಟ್ಟಿಲ್ಲ. ಸಂಡಾಸದ ಫೋಟೋ ಕೇಳಿದ ಹೆಂಗಸು ಬಂದೇ ಬರತಾಳೆ ಅಂದುಕೊಂಡೆ."

ಕೋಮಲ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ತಿಂಗಳಿಂದ ಹೊತ್ತ ಹೊರೆಯನ್ನು ಯಾರೋ ತಲೆಯ ಮೇಲಿಂದ ಇಳಿಸಿಕೊಂಡ ಹಾಗಾಯಿತು. ಹೇಳಲು ಇನ್ನು ಸುಳ್ಳಿಲ್ಲ, ಮುಚ್ಚಲು ಏನೂ ಇಲ್ಲ. ಒಂದೇ ಕೋಣೆಯಲ್ಲಿ ನಾಲ್ವರು ಮಲಗಬೇಕು. ಮಂಚ ಮರೆವ್ವನಿಗೆ, ಉಳಿದವರಿಗೆ ಕೆಳಗೆ ಚಾಪೆ. ಮರೆವ್ವ ಒಳಗೆ ಹೋಗಿ, ಮಂಚದಿಂದ ಐದು ಹೆಜ್ಜೆ ನಡೆದು, ಬಿದಿರಿನ ಹಿಡಿಕೆಯನ್ನು ಹಿಡಿದು ಜಗ್ಗಿ ನೋಡಿದಳು. ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ, ಈ ಮನೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ, ಶೆಫಾಲಿಯ ಬದನೆ ಸಾಲಿನಲ್ಲಿ ಹುಳ ಬಿದ್ದ ಎಲೆ ಯಾವುದೆಂದು ಬಗ್ಗಿ ನೋಡತೊಡಗಿದಳು. ಭಾಷೆ ಬಾರದಿದ್ದರೂ ಇಬ್ಬರಿಗೂ ಮಾತು ಸಾಕಷ್ಟು ಸಿಕ್ಕಿತು.

ಅಂದು ಸಂಜೆಯ ಹೊತ್ತಿಗೆ ಭೀಮು ಹಿತ್ತಲಲ್ಲಿ ನಿಂತು ಅಕ್ಕ ಸುವರ್ಣಾಳಿಗೆ ಫೋನು ಮಾಡುತ್ತಿದ್ದುದು ಕೋಮಲಳ ಕಿವಿಗೆ ಬಿತ್ತು. "ಏನಿಲ್ಲ, ಸುಮ್ನ ಕೇಳತೇನಿ. ನಿನಗೇನರ ತ್ರಾಸ ಐತೇನು? ನನಗ ಹೇಳೂದ ಬ್ಯಾಡ. ಕೋಮಲಾಗ ಹೇಳು, ಇಲ್ಲಾ ಡಾಕ್ಟರಿಗೆ ಹೇಳು. ಯಾರಿಗರ ಹೇಳು."

ಮರುದಿನ ಬೆಳಿಗ್ಗೆ ನೀರು ಇಳಿದಿತ್ತು. ಶೆಫಾಲಿಯ ಮನೆಯಿಂದ ದಂಡೆಗೆ ಏಳೆಂಟು ನಿಮಿಷದ ದಾರಿ. ದಂಡೆಯ ಅಂಗಡಿಯವನ ಮನೆಯಲ್ಲಿ ಸಂಡಾಸ ಬಳಸಬಹುದೆಂದು ಭೀಮು ಬೆಳಕಾಗುವಷ್ಟರಲ್ಲೇ ಹೋಗಿ ಕೇಳಿಕೊಂಡು ಬಂದಿದ್ದ. ಎಲ್ಲರೂ ಹೊರಟರು. ಕಲ್ಲುಗಳ ನಡುವೆ ನಿಂತ ನೀರಿನಲ್ಲಿ ಬೆರಳುದ್ದದ ನೀಲಿ ಮೀನುಗಳು ಓಡಾಡುತ್ತಿದ್ದವು. ಸುಜಾತಾ ಒಂದೊಂದನ್ನೂ ಆಯಿಗೆ ತೋರಿಸುತ್ತ ಮುಂದೆ ಹೋದಳು. ಮರೆವ್ವ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ತಾನಾಗಿಯೇ ನೀರಿಗಿಳಿದಳು. ಮೊದಲು ಪಾದ, ಆಮೇಲೆ ಮೀನಖಂಡ. ಭೀಮು ಅವಳ ಕೈ ಹಿಡಿದು ಮಗ್ಗುಲಲ್ಲೇ ಇದ್ದ.

"ಹೋಗಬೇಕೇನವ್ವಾ?"

"ಇಲ್ಲ."

ನಾಲ್ಕು ಹೆಜ್ಜೆ ಆದ ಮೇಲೆ ಮತ್ತೆ ಕೇಳಿದ. ಅವಳು ಇಲ್ಲ ಎಂದಳು. ಒಂದು ಅಲೆ ಬಂದು ಮೊಣಕಾಲಿಗೆ ಬಡಿಯಿತು.

"ಈಗ ಹೋಗಬೇಕೇನು?"

"ಭೀಮು, ಇನ್ನೊಮ್ಮೆ ಕೇಳಿದಿ ಅಂದ್ರ ನಿನ್ನ ಹಿಡಿದು ಈ ನೀರಾಗ ಮುಳಗಸ್ತೇನಿ. ಬೇಕಾದಾಗ ನಾನ ಹೇಳತೇನಿ."

"ಹೇಳತಿಲ್ಲೋ?"

"ಹೇಳತೇನಿ."

ಅವನು ಕೈಬಿಟ್ಟ. ಮರೆವ್ವ ಒಬ್ಬಳೇ ಇನ್ನೂ ಸ್ವಲ್ಪ ಮುಂದೆ, ಸೊಂಟದ ಮಟ್ಟ ನೀರಿನ ತನಕ ಹೋಗಿ ನಿಂತಳು. ಆಮೇಲೆ ದಂಡೆಯ ಮೇಲಿದ್ದ ಸೊಸೆಗೆ, ನೀನೂ ಬಾ ಎಂದು ಕೈ ಮಾಡಿದಳು. ಕೋಮಲ ಚಪ್ಪಲಿ ಬಿಟ್ಟು ನೀರಿಗಿಳಿದಳು.